ಕಾಲು ಊರದ ಗಾಡಿಯಲ್ಲಿ ಚಿಕ್ಕಜಾಜೂರಿಗೆ

ಶನಿವಾರ ಬೆಳಿಗ್ಗೆ ಚಿತ್ರದುರ್ಗದಲ್ಲಿ ಬಸ್ಸು ಹತ್ತಿದಾಗ, ಅಕ್ಕನ್ನ ನೋಡಿಕೊಂಡು ಸೋಮವಾರ ಬರುತ್ತೇನೆ ಅಂತ ಮನೆಯಲ್ಲಿ ಹೇಳಿದ್ದೆ. ಅದು ಸುಳ್ಳಲ್ಲ. ಆದರೆ ನಾನು ಹೊರಟಿದ್ದು ಮುಖ್ಯವಾಗಿ ನನ್ನ ತಮ್ಮನ ಗಾಡಿಯಲ್ಲಿ ಏನಾದರೊಂದು ತಪ್ಪು ಹುಡುಕುವುದಕ್ಕೆ.

ತಮ್ಮ ಅಂದರೆ ಚಿಕ್ಕಪ್ಪನ ಮಗ ತಿಪ್ಪೇಶ. ನಮ್ಮದು ಕುರಿ ಸಾಕುವ ಮನೆತನ. ಅದರಲ್ಲಿ ಡಿಗ್ರಿ ಅಂತ ಮೊದಲು ಮಾಡಿದವನು ನಾನು, ಮೆಕ್ಯಾನಿಕಲ್ ಬಿ.ಇ. ರಜೆಯಲ್ಲಿ ಕುರಿ ಹಿಂದೆ ತಿರುಗುತ್ತಾ, ಫೇಲಾದ ಪೇಪರುಗಳನ್ನು ಮತ್ತೆ ಕಟ್ಟಿ ಪಾಸು ಮಾಡಿದ್ದು. ಈಗ ದುರ್ಗದ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ನಾನು ಮುಳ್ಳು ತುಳಿದು ಮಾಡಿದ ದಾರಿಯಲ್ಲಿ ತಿಪ್ಪೇಶ ಚಪ್ಪಲಿ ಹಾಕಿಕೊಂಡು ಆರಾಮಾಗಿ ಬಂದ. ಈಗ ಐಮಂಗಲದ ಹತ್ತಿರ ಹೈವೇ ಪಕ್ಕ ಶೆಡ್ ಹಾಕಿಕೊಂಡು, ಮಾಮೂಲಿ ಎಲೆಕ್ಟ್ರಿಕ್ ಸ್ಕೂಟರಿಗೆ ಗೈರೊಸ್ಕೋಪ್ ಕೂರಿಸಿ, ನಿಂತಾಗಲೂ ಬೀಳದ ಹಾಗೆ ಮಾಡಿದ್ದಾನೆ. ಮಾಡಿದ್ದು ನಮ್ಮ ಅಕ್ಕನಿಗೆ. ನನಗೆ ಚುಚ್ಚಿದ್ದು ಅದೇ.

ಅಕ್ಕ ಈರಕ್ಕ ನನ್ನ ಒಡಹುಟ್ಟಿದವಳು. ಪೋಲಿಯೊದಿಂದ ಎಡಗಾಲು ಸಣಕಲು, ಊರಿದರೆ ಭಾರ ತಡೆಯುವುದಿಲ್ಲ. ಚಿಕ್ಕಜಾಜೂರಿನಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟಿದ್ದಾಳೆ. ಅಂಗಡಿ ರೈಲ್ವೆ ಗೇಟಿನ ಈಚೆ, ಮನೆ ಆಚೆ. ಯಾರಾದರೂ ಕರೆದುಕೊಂಡು ಹೋದರೆ ಅಂಗಡಿ, ಇಲ್ಲದಿದ್ದರೆ ಮನೆ. ಬಸ್ಸು ಹೆಂಗಸರಿಗೆ ಬಿಟ್ಟಿಯಾದರೂ ಅದರ ಮೊದಲ ಮೆಟ್ಟಿಲು ಅವಳಿಗೆ ಎತ್ತರ. ಹೈಸ್ಕೂಲಿಗೆ ಅವಳನ್ನು ಸೈಕಲ್ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಹೋದವನು ನಾನು. ಕೆಲಸ ಸಿಕ್ಕ ವರ್ಷ ಪಕ್ಕಕ್ಕೆರಡು ಚಕ್ರ ಹಾಕಿಸಿ ಸ್ಕೂಟರ್ ಕೊಡಿಸಿದವನೂ ನಾನೇ. ಅದು ತಿರುವಿನಲ್ಲಿ ವಾಲುವುದಿಲ್ಲ, ಹೊರಗೆ ಎಸೆದಂಗಾಗ್ತೈತೆ ಅಂತ ಒಂದೇ ತಿಂಗಳಿಗೆ ಬಿಟ್ಟಳು. ಈಗ ಅದರ ಮೇಲೆ ಕೋಳಿ ಮಲಗುತ್ತವೆ.

ಹೊಸ ಗಾಡಿಯನ್ನು ಅಕ್ಕನಿಗೆ ಮುಟ್ಟಿಸಲು ಇಬ್ಬರೂ ಅದರಲ್ಲೇ ಹೋಗುವುದು ಅಂತ ಮಾತಾಗಿತ್ತು. ಐಮಂಗಲದಲ್ಲಿ ಇಳಿದಾಗ ತಿಪ್ಪೇಶ ರಸ್ತೆ ಪಕ್ಕವೇ ಕಾಯುತ್ತಿದ್ದ, ಗಾಡಿ ಮೇಲೆ ಎರಡೂ ಕಾಲು ಎತ್ತಿಟ್ಟುಕೊಂಡು. ಗಾಡಿ ಸ್ಟ್ಯಾಂಡ್ ಇಲ್ಲದೆ ನಿಂತಿತ್ತು. ಕೆಳಗಿನಿಂದ ಜೇನು ಹುಳದ ಹಾಗೆ ಗುಂಯ್ ಅನ್ನುವ ಸದ್ದು.

ಕಾಲಿಡುವ ಹಲಗೆಯ ಕೆಳಗೆ ಊಟದ ತಟ್ಟೆ ಗಾತ್ರದ ಎರಡು ಉಕ್ಕಿನ ಚಕ್ರಗಳು ಜೋರಾಗಿ ತಿರುಗುತ್ತಿದ್ದವು. ಗಾಡಿ ವಾಲಿದ ಕೂಡಲೇ ಒಂದು ಸಣ್ಣ ಮೋಟರು ಆ ಚಕ್ರಗಳನ್ನು ಬಾಗಿಸುತ್ತದೆ, ಅದರಿಂದ ಹುಟ್ಟುವ ಬಲ ಗಾಡಿಯನ್ನು ಮತ್ತೆ ಎತ್ತಿ ನಿಲ್ಲಿಸುತ್ತದೆ. ತಿರುಗುವ ಬುಗುರಿಯನ್ನು ಬೆರಳಿನಿಂದ ತಳ್ಳಿದರೆ ಬೀಳದೆ ಪಕ್ಕಕ್ಕೆ ಸರಿಯುತ್ತದಲ್ಲ, ಅದೇ ಗುಣ. ಇದನ್ನು ನಾನು ಪ್ರತಿ ವರ್ಷ ಕ್ಲಾಸಿನಲ್ಲಿ ಹೇಳುತ್ತೇನೆ. ಬೋರ್ಡ್ ಮೇಲೆ ಬರೆಯುತ್ತೇನೆ, ಒರೆಸುತ್ತೇನೆ. ಇವನು ಒರೆಸದೆ ಬಿಟ್ಟಿದ್ದ, ಅಷ್ಟೇ ವ್ಯತ್ಯಾಸ.

"ಚಾರ್ಜ್ ಮುಗಿದ್ರೆ ಏನ್ ಮಾಡ್ತೀಯ?" ಅಂದೆ.

"ಮುಗಿಯಕ್ಕೆ ಮುಂಚೇನೇ ಎರಡೂ ಕಡೆ ಸ್ಟ್ಯಾಂಡ್ ಇಳೀತವೆ ಅಣ್ಣ." ಒಂದು ಗುಂಡಿ ಒತ್ತಿದ. ಇಳಿದವು.

ಹಿರಿಯೂರಿನಲ್ಲಿ ತಟ್ಟೆ ಇಡ್ಲಿ ತಿಂದು, ಮಾರಿಕಣಿವೆ ಕಡೆಯಿಂದ ಹೊಸದುರ್ಗದ ದಾರಿ ಹಿಡಿದೆವು. ಐವತ್ತು ಕಿಲೋಮೀಟರಿಗೂ ಮೇಲೆ. ಗುಡ್ಡದ ಸಾಲಿನ ಮೇಲೆ ಗಾಳಿ ಫ್ಯಾನುಗಳು ತಿರುಗುತ್ತಿದ್ದವು. ಅಡ್ಡಗಾಳಿ ಹೊಡೆದಾಗಲೆಲ್ಲ ಈಗ ವಾಲುತ್ತದೆ, ಈಗ ವಾಲುತ್ತದೆ ಅಂತ ಹಿಂದೆ ಕೂತು ಕಾದೆ. ವಾಲಲಿಲ್ಲ.

ಮುಂದೆ ರಸ್ತೆ ತುಂಬ ಕುರಿ ಬಂದವು. ತಿಪ್ಪೇಶ ನಡುರಸ್ತೆಯಲ್ಲೇ ನಿಲ್ಲಿಸಿದ. ನಾವಿಬ್ಬರೂ ಕಾಲು ಮೇಲಿಟ್ಟು ಕೂತಿದ್ದರೆ ಎರಡೂ ಕಡೆಯಿಂದ ಕುರಿ ಉಜ್ಜಿಕೊಂಡು ಹೋದವು. ಕಂಬಳಿ ಹೆಗಲಿಗೆ ಹಾಕಿದ್ದ ಕುರಿಯವರು ನಿಂತು ನೋಡಿದರು.

"ಏನಪ್ಪ, ಕಾಲು ನೆಲ ಮುಟ್ಟಂಗಿಲ್ಲ ಅಂತ ಏನಾರ ಹರಕೆ ಹೊತ್ತೀರಾ?"

"ಇಲ್ಲ ಯಜಮಾನ್ರೆ, ಗಾಡಿ ಬೀಳಂಗಿಲ್ಲ. ಬೇಕಾದ್ರೆ ತಳ್ಳಿ ನೋಡ್ರಿ."

ಅವರು ತಳ್ಳಲಿಲ್ಲ. ಆ ಕೆಲಸ ಒಂದು ಟಗರು ಮಾಡಿತು. ಹಿಂದಿನ ಚಕ್ರದ ಹತ್ತಿರ ಗುದ್ದಿದ ಏಟಿಗೆ ಗಾಡಿ ಬಲಕ್ಕೆ ವಾಲಿತು. ಬೀಳಲಿ ಅಂತ ಒಂದು ಕ್ಷಣ ಮನಸ್ಸಾರೆ ಬಯಸಿದೆ, ನಾನೂ ಅದರ ಮೇಲಿದ್ದೇನೆ ಅನ್ನುವುದನ್ನು ಮರೆತು. ಗಾಡಿ ತೂಗಿ, ಮತ್ತೆ ನೆಟ್ಟಗಾಯಿತು.

"ನಮ್ಮೂರ ಕುಡುಕ್ರನ್ನ ಇದರತ್ರ ಟ್ಯೂಷನ್ನಿಗೆ ಕಳಿಸ್ಬೇಕು," ಅಂದರು ಕುರಿಯವರು. "ಯಾರು ಮಾಡಿದ್ದು ಇದನ್ನ?"

ನಾನು ಗುಡ್ಡ ನೋಡಿದೆ. ತಿಪ್ಪೇಶ, "ನಾನೇ ಮಾಡಿದ್ದು. ನಮ್ಮಣ್ಣ ಓದಿದ್ದು ನೋಡಿ ನಮ್ಮಪ್ಪ ನನ್ನೂ ಓದಿಸ್ದ, ಅದಕ್ಕೆ ಆತು" ಅಂದ. ಅವನು ಜಂಬ ಕೊಚ್ಚಿಕೊಂಡಿದ್ದರೆ ಬೈದು ಹಗುರಾಗುತ್ತಿದ್ದೆ. ಅದಕ್ಕೂ ಅವಕಾಶ ಕೊಡಲಿಲ್ಲ.

ಹೊಸದುರ್ಗದಲ್ಲಿ ಒಂದು ಖಾನಾವಳಿಯವರನ್ನು ಕೇಳಿ ಗಾಡಿ ಚಾರ್ಜಿಗೆ ಹಾಕಿದೆವು. ಅಷ್ಟರಲ್ಲಿ ನಾನು ಅಕ್ಕನಿಗೆ ಅಂತ ತೆಂಗಿನಕಾಯಿ ಕೊಂಡು ತಂದು, ಚೀಲವನ್ನು ಗಾಡಿಯ ಎಡಗಡೆ ಕೊಕ್ಕೆಗೆ ನೇತುಹಾಕಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ ಗಾಡಿ ನರಳತೊಡಗಿತು. ಆಮೇಲೆ ಟಪ್ ಅಂತ ಎರಡೂ ಸ್ಟ್ಯಾಂಡ್ ಇಳಿದವು.

ತಿಪ್ಪೇಶನ ಮುಖ ಸಣ್ಣಗಾಯಿತು. "ನಿಂತಾಗ ಒಂದೇ ಕಡೆ ಭಾರ ಹಂಗೇ ಇದ್ರೆ ಚಕ್ರ ಬಾಗ್ತಾ ಬಾಗ್ತಾ ಕೊನೆ ಮುಟ್ತವೆ ಅಣ್ಣ. ಆಮೇಲೆ ಅದಕ್ಕೆ ಶಕ್ತಿ ಇರಲ್ಲ. ಇನ್ನೂ ಸರಿ ಮಾಡ್ಬೇಕು."

ಮನೆ ಬಿಟ್ಟ ಮೇಲೆ ಆಗ ನನಗೆ ಮೊದಲ ಸಲ ಚೆನ್ನಾಗಿ ಹಸಿವಾಯಿತು. ಎರಡು ಮುದ್ದೆ ಊಟ ಮಾಡಿದೆ.

ಹೊಳಲ್ಕೆರೆ ಸೇರಿದಾಗ ಬಿಸಿಲು ಇಳಿದಿತ್ತು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದು, ಟೀ ಕುಡಿದು ಹೊರಟವರು ಕತ್ತಲಾಗುವ ಮೊದಲೇ ಚಿಕ್ಕಜಾಜೂರಿನಲ್ಲಿದ್ದೆವು. ಅಕ್ಕ ಬಾಗಿಲಲ್ಲೇ ನಿಂತಿದ್ದಳು. "ಬರ್ರಿ ಇಂಜಿನಿಯರ್ ಸಾಹೇಬ್ರೆ" ಅಂದಳು. ಹಾಗೆ ಕರೆಸಿಕೊಳ್ಳುತ್ತಿದ್ದವನು ಇಷ್ಟು ವರ್ಷ ನಾನೊಬ್ಬನೇ. ಈ ಸಲ ನಾವಿಬ್ಬರಿದ್ದೆವು.

ಭಾನುವಾರ ಬೆಳಿಗ್ಗೆ ಮನೆ ಮುಂದಿನ ಬಯಲಿನಲ್ಲಿ ಅಕ್ಕ ಗೋಡೆ ಹಿಡಿದು ನಿಂತು, ತಿಪ್ಪೇಶ ಹೇಳಿದ್ದನ್ನೆಲ್ಲ ಕೇಳಿದಳು. ಕೇಳಿ ಮುಗಿಸಿ ನನ್ನ ಕಡೆ ತಿರುಗಿದಳು.

"ಸಿದ್ದ, ನೀ ಹೇಳು. ನಂಬ್ಲಾ ಇದನ್ನ?"

ನಾನು 'ತಡಿ' ಅಂದಿದ್ದರೆ ಸಾಕಿತ್ತು. ಗಾಡಿ ಐಮಂಗಲಕ್ಕೆ ವಾಪಸು, ಅಕ್ಕ ಮತ್ತೆ ನನ್ನ ಹಿಂದಿನ ಸೀಟಿಗೆ. ಹೇಳುವುದಕ್ಕೆ ಕಾರಣವೂ ಇತ್ತು, ಗಾಡಿಯನ್ನು ಸೋಲಿಸಿದ ತೆಂಗಿನಕಾಯಿ ಚೀಲ ಇನ್ನೂ ಅಕ್ಕನ ಅಡುಗೆಮನೆಯಲ್ಲೇ ಇತ್ತು. ತಿಪ್ಪೇಶ ನೆಲ ನೋಡುತ್ತಿದ್ದ. ಅಕ್ಕ ನನ್ನನ್ನೇ ನೋಡುತ್ತಿದ್ದಳು. ಅವಳು ಕೇಳಿದ್ದು ನನ್ನ ಓದನ್ನು. ಅಷ್ಟು ಕಷ್ಟಪಟ್ಟು ಓದಿದ್ದನ್ನು ಸುಳ್ಳು ಹೇಳುವುದಕ್ಕೆ ಬಳಸಲು ನಾಲಿಗೆ ಏಳಲಿಲ್ಲ.

"ನಂಬು," ಅಂದೆ. "ಬಟ್ಟೆ ಚೀಲ ಮಾತ್ರ ಪಕ್ಕಕ್ಕೆ ನೇತಾಕಬ್ಯಾಡ. ಮುಂದೆ ಕಾಲ ನಡುವೆ ಇಟ್ಕ."

ಕೂತಳು. ಗಾಡಿ ಹೊರಟ ಕೂಡಲೇ, ಸೈಕಲ್ ಕಲಿಸುವಾಗ ಹಿಡಿಯುವ ಹಾಗೆ ನಾನು ಹಿಂದಿನ ಹಿಡಿಕೆ ಹಿಡಿದು ಓಡಿದೆ. ಗಾಡಿ ಆ ಕಡೆ ಈ ಕಡೆ ಜಗ್ಗಾಡಿತು.

"ಬಿಡಣ್ಣ," ತಿಪ್ಪೇಶ ಹಿಂದಿನಿಂದ ಕೂಗಿದ. "ನೀನು ಎಳೆದಿದ್ದಕ್ಕೆಲ್ಲ ಅದು ಎದುರು ತಳ್ತೈತೆ."

ನಾನು ಬಿಡಲಿಲ್ಲ.

"ಲೇ ಸಿದ್ದ, ಬಿಡಲೇ," ಅಂದಳು ಅಕ್ಕ, ತಿರುಗದೆ. "ಅಲ್ಲಾಡ್ತಿರೋದು ನಿನ್ನಿಂದ."

ಬಿಟ್ಟೆ. ಗಾಡಿ ನೆಟ್ಟಗಾಯಿತು. ಬಯಲಿನ ಕೊನೆಯ ಬೇವಿನ ಮರದ ಹತ್ತಿರ ತಿರುಗಿಸುವಾಗ ಅಕ್ಕ ಗಾಡಿ ಜೊತೆಗೇ ಒಳಕ್ಕೆ ವಾಲಿದಳು. ಅಲ್ಲಿಂದಲೇ ಕೂಗಿದಳು, "ತಿಪ್ಪೇಶಾ, ವಾಲ್ತೈತೆ ಕಣೋ." ಕೂಗಿದ್ದು ಅವನ ಹೆಸರು. ನಾನು ಏದುಸಿರು ಬಿಡುತ್ತಾ ನಿಂತಿದ್ದೆ. ಕೋಳಿಗಳು ನನ್ನ ಸ್ಕೂಟರ್ ಮೇಲಿದ್ದವು.

ಸೋಮವಾರ ನಾನೊಬ್ಬನೇ ಹೊರಟೆ. ಚೀಲದ ಕೊಕ್ಕೆಯನ್ನು ನಡುವೆ ಕೂರಿಸಿ ಬರುತ್ತೇನೆ ಅಂತ ತಿಪ್ಪೇಶ ಉಳಿದ. ಬಸ್ಸು ಊರು ಬಿಡುವ ಮೊದಲು ರೈಲ್ವೆ ಗೇಟ್ ಹಾಕಿತ್ತು. ಕಿಟಕಿಯಿಂದ ನೋಡಿದೆ. ಹತ್ತಾರು ಬೈಕುಗಳು, ಒಬ್ಬೊಬ್ಬರದೂ ಒಂದೊಂದು ಕಾಲು ನೆಲದ ಮೇಲೆ. ಅವರ ನಡುವೆ ಅಕ್ಕ ಎರಡೂ ಕಾಲು ಮೇಲಿಟ್ಟುಕೊಂಡು, ಬಟ್ಟೆ ಚೀಲವನ್ನು ಕಾಲ ನಡುವೆ ಇಟ್ಟುಕೊಂಡು, ರೈಲು ಬರುವ ಕಡೆ ನೋಡುತ್ತಿದ್ದಳು.

"ಇದ್ಯಾವ ಕಂಪನಿ ಗಾಡಿರೀ?" ಪಕ್ಕದಲ್ಲಿ ಕೂತಿದ್ದವರು ಬಗ್ಗಿ ನೋಡಿ ಕೇಳಿದರು. "ಆಯಮ್ಮ ಕಾಲೇ ಊರಿಲ್ಲ ನೋಡ್ರಿ."

ಗುಡ್ಡ ನೋಡೋಣ ಅಂದರೆ ಆ ಕಡೆ ಗುಡ್ಡ ಇರಲಿಲ್ಲ.

"ಕಂಪನಿದಲ್ಲ," ಅಂದೆ. "ನಮ್ಮ ತಿಪ್ಪೇಶ ಮಾಡಿದ್ದು. ನಮ್ಮ ಚಿಕ್ಕಪ್ಪನ ಮಗ." ಹೇಳುವಾಗ ಹೊಟ್ಟೆಯೊಳಗೆ ಕೆಂಡ ಇಟ್ಟ ಹಾಗಾಯಿತು. ಆದರೂ ಪೂರ್ತಿ ಹೇಳಿದೆ. "ಓಡಿಸ್ತಿರೋದು ನಮ್ಮಕ್ಕ."

ರೈಲು ಹೋಯಿತು, ಗೇಟ್ ಎದ್ದಿತು. ಉಳಿದವರು ಊರಿದ ಕಾಲನ್ನು ಎತ್ತಿಕೊಳ್ಳುವಷ್ಟರಲ್ಲಿ ಅಕ್ಕ ಹಳಿ ದಾಟಿ ಹೋಗಿದ್ದಳು.