ಗೋಧಿ ತೆನೆಯ ಪರದೆ

ಯಲಹಂಕದ ಹಳೇ ಊರಿನ ಬೀದಿಯಲ್ಲಿ ರಾಮಲಕ್ಷ್ಮಮ್ಮ ಹೂ ಕಟ್ಟುತ್ತಾಳೆ. ಗಂಡ ತೀರಿಕೊಂಡ ವರ್ಷ ಹಿಡಿದ ಕೆಲಸ. ಕಟ್ಟಿದ ಹೂವನ್ನು ಎಲೆಗೆ ಸುತ್ತಿ ಕೊಟ್ಟರೆ ಮುಗಿಯಿತು. ಯಾವ ದೇವರಿಗೆ, ಯಾರ ಜಡೆಗೆ ಎಂದು ಕೇಳುವವಳಲ್ಲ.

ಶಿವರಾತ್ರಿ ಕಳೆದ ಮೇಲೆ ರಮಾ ಎಂಬ ಕಲಾವಿದೆ ಅವಳನ್ನು ಹುಡುಕಿಕೊಂಡು ಬಂದಳು. ಧಾರವಾಡದ ಕಡೆ ಕೊಯ್ದ ಗೋಧಿ ಲಾರಿಯಲ್ಲಿ ಬಂದಿತ್ತು. ಅಟ್ಟೂರಿನ ಗ್ಯಾಲರಿಯಲ್ಲಿ ಆ ತೆನೆಗಳನ್ನು ಮಾಲೆ ಕಟ್ಟಿ, ಸೂರಿನಿಂದ ನೆಲದವರೆಗೆ ಪರದೆಯಂತೆ ಇಳಿಬಿಡಬೇಕಿತ್ತು.

ರಾಮಲಕ್ಷ್ಮಮ್ಮ ತೆನೆ ಮುಟ್ಟಿ ನೋಡಿದಳು. "ಚುಚ್ತದಲ್ಲಮ್ಮ ಇದು!"

"ಆಗಲ್ವಾ ಅಮ್ಮಾ?"

"ಆಗಲ್ಲ ಅಂದ್ನಾ? ಬೆರಳಿಗೆ ಬಟ್ಟೆ ಸುತ್ಕೊಂಡ್ರಾಯ್ತು."

ಬೆಳಿಗ್ಗೆ ಹೂವಿನ ವ್ಯಾಪಾರ, ಮಧ್ಯಾಹ್ನ ಸೊಸೆ ಸುಮಾಳೊಂದಿಗೆ ಗೋಧಿ. ಪರದೆ ಮೇಲೇರಿದ ದಿನ ಕಿಟಕಿಯ ಗಾಳಿಗೆ ತೆನೆಗಳೆಲ್ಲ ಸರಸರ ಎಂದವು. ರಮಾ ಕಣ್ಣೊರೆಸಿಕೊಂಡಳು. ರಾಮಲಕ್ಷ್ಮಮ್ಮ ಸೀರೆಗಂಟಿದ ಹೊಟ್ಟು ಕೊಡವಿ ಬಸ್ಸು ಹಿಡಿದಳು.

ಪ್ರದರ್ಶನ ಶುರುವಾದ ಮೇಲೆ ಸುಮಾ ಹಟ ಹಿಡಿದು ಅತ್ತೆಯನ್ನು ಅಲ್ಲಿಗೆ ಕರೆದೊಯ್ದಳು. ಪರದೆಯ ಒಂದು ಎಳೆ ಜಾರಿತ್ತು. ರಾಮಲಕ್ಷ್ಮಮ್ಮನ ಕೈ ತಾನಾಗಿ ಅತ್ತ ಹೋಯಿತು.

"ಏಯ್ ಅಜ್ಜೀ, ಮುಟ್ಟಂಗಿಲ್ಲ!" ಕಾವಲುಗಾರ ಕೂಗಿದ.

"ನಮ್ಮತ್ತೇನೇ ಕಟ್ಟಿರೋದು ಕಣ್ರೀ," ಎಂದಳು ಸುಮಾ.

"ಮಾಡಿರೋರು ಮೇಡಮ್ಮು. ಬೋರ್ಡಲ್ಲಿ ಬರ್ದಿಲ್ವಾ?"

ಬೋರ್ಡಿನಲ್ಲಿ ರಮಾಳ ಹೆಸರೊಂದೇ ಇತ್ತು. ಸುಮಾಳ ಮುಖ ಕೆಂಪಾಯಿತು. ಅತ್ತೆ ಅವಳ ತೋಳು ಹಿಡಿದು ಹೊರಗೆ ತಂದಳು. "ಬಾರೇ. ಮಾರಿದ ಮಾಲೆ ನಮ್ದು ಅಂತ ಯಾರಾದ್ರೂ ಜಗಳ ಆಡ್ತಾರಾ?"

ಸುಮಾ ಮಾತ್ರ ಸುಮ್ಮನಿರದೆ ರಮಾಗೆ ಫೋನ್ ಮಾಡಿದಳು. ಮರುದಿನ ರಮಾ ಹೂವಿನ ಅಂಗಡಿಯ ಮುಂದೆ ಬಂದು ನಿಂತಳು. "ತಪ್ಪಾಯ್ತಮ್ಮ. ಹೆಸರು ಹಾಕಿಸ್ತೀನಿ. ಭಾನುವಾರ ನೀವೇ ಬಂದು ಜನರೆದುರು ಕಟ್ಟಿ ತೋರಿಸ್ತೀರಾ?"

"ಇಲ್ಲಿ ದಿನಾ ಜನರೆದುರೇ ಕಟ್ತೀನಲ್ಲಮ್ಮ. ಭಾನುವಾರ ಮದುವೆ ಹಾರ ಇರ್ತವೆ, ಆಗಲ್ಲ. ಹೆಸರು ಹಾಕೋದಾದ್ರೆ ಸುಮಂದೂ ಹಾಕು." ಹೂವಿಗೆ ನೀರು ಚಿಮುಕಿಸಿ ಸೇರಿಸಿದಳು: "ಆ ಎಳೆ ಪೂರಾ ಬಿದ್ದೋಗ್ತದೆ. ಮಧ್ಯಾಹ್ನ ಬಂದು ಬಿಗೀತೀನಿ."

ಅತ್ತೆ ಸೊಸೆ ಇಬ್ಬರೂ ಹೋದರು. ಕಾವಲುಗಾರನೇ ಏಣಿ ಹಿಡಿದುಕೊಂಡ. ಎಳೆ ಬಿಗಿದು ಇಳಿದಾಗ ಬೋರ್ಡಿಗೆ ಹೊಸ ಚೀಟಿ ಅಂಟಿಸಿದ್ದರು. ರಾಮಲಕ್ಷ್ಮಮ್ಮನಿಗೆ ಓದು ಬಾರದು.

"ನಿಂದು ಯಾವ್ದೇ?"

ಸುಮಾ ಬೆರಳಿಟ್ಟು ತೋರಿಸಿದಳು. ಅತ್ತೆ ಅದನ್ನೊಂದು ಗಳಿಗೆ ನೋಡಿ, ಬಸ್ಸಿಗೆ ಹೊತ್ತಾಯಿತು ಎಂದಳು.