ಕೊಟ್ರಮ್ಮನ ಎಡಭುಜ

ಎಂಟು ವರ್ಷ ನಾನು ನನ್ನ ಹೆಂಡತಿಗೆ ಸುಳ್ಳು ಅಳತೆ ಹೇಳಿದೆ. ಅವಳ ಬೆನ್ನುಮೂಳೆ ವರ್ಷದಿಂದ ವರ್ಷಕ್ಕೆ ಬಾಗುತ್ತಿತ್ತು. ಅದು ನನಗೆ ಗೊತ್ತಿತ್ತು, ಅವಳಿಗೆ ಗೊತ್ತಿರಲಿಲ್ಲ — ಗೊತ್ತಾಗದಂತೆ ನೋಡಿಕೊಂಡವನೂ ನಾನೇ.

ಹರಪನಹಳ್ಳಿ ಬಸ್ ಸ್ಟ್ಯಾಂಡಿನ ಹಿಂದೆ ನನ್ನ ಟೈಲರ್ ಅಂಗಡಿ. ಹೆಂಗಸರ ಜಂಪರು ಹೊಲಿಯುವುದರಲ್ಲಿ ಆಗ ನನಗೆ ಒಳ್ಳೆ ಹೆಸರು. ಹಿರೇಹಡಗಲಿಗೆ ಹೆಣ್ಣು ನೋಡಲು ಹೋದಾಗ ಕೊಟ್ರಮ್ಮ ಮೈತುಂಬ ಸೆರಗು ಹೊದ್ದು ಕೂತಿದ್ದಳು. ಟೈಲರನ ಕಣ್ಣಿಗೆ ಸೆರಗು ಯಾವ ಲೆಕ್ಕ? ಎಡಭುಜ ಇಳಿದಿತ್ತು, ಬಲಗಡೆ ಬೆನ್ನು ಉಬ್ಬಿತ್ತು. ಚಿಕ್ಕಂದಿನಲ್ಲಿ ಎಣ್ಣೆ ತಿಕ್ಕಿಸಿದ್ದರಂತೆ, ಹರಕೆ ಹೊತ್ತಿದ್ದರಂತೆ. ಆಸ್ಪತ್ರೆಗೆ ಮಾತ್ರ ಒಯ್ದಿರಲಿಲ್ಲ. ಅವಳು ತಲೆಯೆತ್ತಿ ನೇರ ನನ್ನನ್ನೇ ನೋಡಿದ್ದು ನನಗೆ ಹಿಡಿಸಿತು, ಒಪ್ಪಿದೆ. ಊರವರು ನನ್ನದು ದೊಡ್ಡ ಮನಸ್ಸು ಅಂದರು. ನಾನೂ ನಂಬಿದೆ — ಥೂ.

ಮದುವೆಯಾಗಿ ಮೂರು ವರ್ಷಕ್ಕೆ, ತೊಂಬತ್ತಾರರಲ್ಲಿ, ದಾವಣಗೆರೆಯ ಮೂಳೆ ಡಾಕ್ಟರಿಗೆ ತೋರಿಸಿದೆ. ಅವರು ಅಡ್ಡಗೋಡೆ ಮೇಲೆ ದೀಪವಿಟ್ಟಂತೆ ಮಾತಾಡಲಿಲ್ಲ. ಬಾಗು ಇಷ್ಟಕ್ಕೇ ನಿಂತರೆ ಚಿಂತೆಯಿಲ್ಲ, ಹೆಚ್ಚುತ್ತ ಹೋದರೆ ಶ್ವಾಸಕೋಶವನ್ನೇ ಒತ್ತುತ್ತದೆ, ಅಷ್ಟರೊಳಗೆ ಆಪರೇಷನ್ ಆಗಬೇಕು ಎಂದರು. ನಾನು ಟೈಲರ್ ಎಂದು ತಿಳಿದ ಮೇಲೆ, ಹಾಗಾದರೆ ಮನೆಯಲ್ಲೇ ಅಳೆಯುತ್ತಿರಿ, ಎರಡು ಭುಜದ ವ್ಯತ್ಯಾಸ ಹೆಚ್ಚಿದ ಕೂಡಲೇ ಕರೆತನ್ನಿ ಎಂದರು.

ತಿರುಗಿ ಬರುವಾಗ ಬಸ್ಸಿನಲ್ಲಿ ಕೊಟ್ರಮ್ಮ ಅಂದಳು: “ಹೆಚ್ಚಾದ್ರ ನಾನು ಆಪರೇಷನ್ ಮಾಡಿಸ್ಕೊಂತೀನಿ, ನನಗೇನ್ ಅಂಜಿಕಿ ಇಲ್ಲ. ನೀವು ಅಳತಿ ಮಾತ್ರ ಖರೇ ಹೇಳ್ರಿ.”

ಆಗ ವ್ಯತ್ಯಾಸ ಮುಕ್ಕಾಲು ಇಂಚು. ಮುಂದಿನ ಯುಗಾದಿಗೆ ಹೊಸ ಜಂಪರು ಹೊಲಿಯುವಾಗ ಒಂದು ಇಂಚು. ಅದರ ಮುಂದಿನದಕ್ಕೆ ಒಂದೂಕಾಲು. ಪ್ರತಿ ಸಲ ಅವಳು ಕೇಳುತ್ತಿದ್ದಳು, ಪ್ರತಿ ಸಲ ನಾನು ಟೇಪು ಸುತ್ತಿಕೊಳ್ಳುತ್ತ “ಅಷ್ಟೇ ಐತಿ” ಅನ್ನುತ್ತಿದ್ದೆ. ಅಷ್ಟಕ್ಕೇ ಬಿಟ್ಟೆನೇ — ಜಂಪರು ಚೆಂದ ಕೂರಲಿ ಎಂದು ಅವಳಿಗೆ ಹೇಳಿ, ಇಳಿದ ಭುಜದೊಳಗೆ ಸ್ಪಂಜು ಇಟ್ಟು ಹೊಲಿದೆ. ಗೊತ್ತಾಗದಂತೆ ವರ್ಷಕ್ಕೊಂದು ತೆಳು ಪದರ ಹೆಚ್ಚಿಸಿದೆ. ಉಬ್ಬಿದ ಕಡೆ ಬಟ್ಟೆ ಸಡಿಲ ಬಿಟ್ಟೆ. ಕನ್ನಡಿಯಲ್ಲಿ ಎರಡೂ ಭುಜ ಸಮ ಕಾಣುತ್ತಿದ್ದವು. ನಿನ್ನ ಬೆನ್ನು ನೆಟ್ಟಗಾಗೈತಲ್ಲೇ ಎಂದು ಓಣಿಯ ಹೆಂಗಸರು ಅನ್ನುತ್ತಿದ್ದರು, ಅವಳು ಖುಷಿಯಿಂದ ಬಂದು ನನಗೆ ಹೇಳುತ್ತಿದ್ದಳು. ತನ್ನ ಬೆನ್ನು ತನಗೆ ಕಾಣದು ಅಂತಾರಲ್ಲ, ಆ ಧೈರ್ಯದ ಮೇಲೆ ನಾನು ಬದುಕಿದೆ.

ಯಾಕೆ? ಕೂಡ್ಲಿಗಿ ಕಡೆಯ ಗಿರಾಕಿಯೊಬ್ಬಳು, ಬೆನ್ನು ಕೊಯ್ಸಿಕೊಂಡ ಯಾರೋ ಮೇಲೇಳಲೇ ಇಲ್ಲ ಎಂದಿದ್ದಳು. ಆ ಮಾತಿಗೆ ಜೋತುಬಿದ್ದು, ಹೆಂಡತಿಯ ಜೀವಕ್ಕೆ ಹೆದರಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಪೂರ್ತಿ ಖರೇ ಅಲ್ಲ ಅದು. ಅಂಗಡಿಯ ಹುಕ್ಕು, ಕಾಜ, ಹೆಮ್ಮಿಂಗ್ ಎಲ್ಲ ಅವಳ ಕೈಯಲ್ಲೇ ಆಗಬೇಕು. ಅವಳು ಆರು ತಿಂಗಳು ಮಲಗಿದರೆ ಆ ಕೆಲಸ, ರೊಟ್ಟಿ, ಅವಳನ್ನು ಎತ್ತಿ ಕೂರಿಸುವುದು — ಎಲ್ಲ ನನ್ನ ತಲೆಗೇ. ಬೇಡಪ್ಪ ಅನ್ನಿಸಿತು. ಇಷ್ಟೇ.

ಇನ್ನೂ ನಾಚಿಕೆಗೇಡಿನ ಮಾತೊಂದಿದೆ. ಬೆನ್ನು ನೋಯುತ್ತದೆ ಎಂದಾಗೆಲ್ಲ ಅವಳನ್ನೇ ಬೈಯುತ್ತಿದ್ದೆ. ನೆಟ್ಟಗ ಕುಂದ್ರಾಕ ಏನ್ ರೋಗ ನಿನಗ, ಹೇಳಿ ಹೇಳಿ ನನಗ ಸಾಕಾತು ಎಂದು ಗಿರಾಕಿಗಳೆದುರೇ ಕೂಗಾಡುತ್ತಿದ್ದೆ. ನೆಟ್ಟಗೆ ಕೂರಲು ಆಗುವುದಿಲ್ಲ ಎಂದು ಅಳೆದು ತಿಳಿದವನು ನಾನು! ಅವಳು ಗೋಡೆಗೆ ಬೆನ್ನು ಒತ್ತಿ ನೆಟ್ಟಗಾಗಲು ನೋಡುತ್ತಿದ್ದಳು.

ಎರಡು ಸಾವಿರದ ನಾಲ್ಕರಲ್ಲಿ, ಮನೆಯಿಂದ ಅಂಗಡಿಗೆ ಬುತ್ತಿ ತರುವಷ್ಟರಲ್ಲಿ ಎರಡು ಕಡೆ ಕೂತು ಬರತೊಡಗಿದಳು. ಮತ್ತೆ ಅದೇ ಡಾಕ್ಟರು. ವ್ಯತ್ಯಾಸ ಎರಡೂಕಾಲು ಇಂಚು. ಈ ಶ್ವಾಸಕೋಶ ಇನ್ನು ಆಪರೇಷನ್ ತಾಳುವುದಿಲ್ಲ ಎಂದವರು ನನ್ನತ್ತ ತಿರುಗಿ, ಅಳೆಯಿರಿ ಎಂದಿದ್ದೆನಲ್ಲ ಎಂದರು. ನಾನು ಬಾಯಿ ತೆರೆಯುವ ಮೊದಲೇ ಕೊಟ್ರಮ್ಮ ಹೇಳಿದಳು: “ತಪ್ಪದೇ ಅಳೀತಿದ್ರು ಸರ್. ಅಷ್ಟೇ ಇತ್ತು. ಈಗೀಗ ಹೆಚ್ಚಾಗಿರಬೇಕು.”

ನಾನು ಹೌದೆಂದು ತಲೆಯಾಡಿಸಿದೆ.

ನಾಲ್ಕನೇ ದಿನ ಮಧ್ಯಾಹ್ನ ಅಂಗಡಿಯಲ್ಲಿ ಅವಳೆದುರು ಕೂತು ಎಲ್ಲ ಹೇಳಿದೆ, ವರ್ಷ ವರ್ಷದ ಇಂಚು ಸಮೇತ. ಅಳುತ್ತಾಳೆ, ಶಾಪ ಹಾಕುತ್ತಾಳೆ ಅಂದುಕೊಂಡಿದ್ದೆ. ಕೈಯಲ್ಲಿದ್ದ ಹುಕ್ಕು ಹೊಲಿದು ಮುಗಿಸಿ, ದಾರ ಕಡಿದು ಕೇಳಿದಳು:

“ನೀವು ಅಂಜಿದ್ರಿ, ಆತು. ನಾನು ಅಂಜಬೇಕೋ ಬ್ಯಾಡೋ ಅನ್ನೋದು ನನ್ನ ಪಾಲಿಂದು ಅಲ್ಲೇನ್ರಿ?”

ಅಂದೇ ಮನೆಗೆ ಹೋಗಿ ತನ್ನ ಜಂಪರುಗಳನ್ನೆಲ್ಲ ಹರವಿಕೊಂಡು, ಎಡಭುಜದ ಹೊಲಿಗೆ ಬಿಚ್ಚಿ ಸ್ಪಂಜು ಕಿತ್ತುಹಾಕಿದಳು. ಹೊಸವನ್ನು ಕೊಟ್ಟೂರಿನಲ್ಲಿ ಹೊಲಿಯುವ ಹುಡುಗಿಯೊಬ್ಬಳಿಗೆ ಕೊಟ್ಟಳು. ನನಗೆ ಅಳತೆ ಕೊಡಲಿಲ್ಲ, ನಾನೂ ಕೇಳಲಿಲ್ಲ. ಅಂಗಡಿಯ ಹುಕ್ಕಿನ ಕೆಲಸ ಮಾತ್ರ, ಬೇಡವೆಂದರೂ, ಬಿಡಲಿಲ್ಲ. ಇಳಿದ ಭುಜದಲ್ಲೇ ಬಜಾರದ ನಡುವೆ ನಡೆದು ಬರತೊಡಗಿದಳು.

ಒಂದು ದಿನ ಹಳೆ ಗಿರಾಕಿಯೊಬ್ಬಾಕೆ ಒಳಗೆ ಕೂತಿದ್ದ ಅವಳನ್ನು ನೋಡಿ, ಏನ್ ಮಾಸ್ತರ, ಮನಿಯಾಕಿ ಜಂಪರು ಹಿಂಗ್ಯಾಕ ಎಂದು ಕೇಳಿದಳು. ಬೆನ್ನು ಈಗೀಗ ಬಾಗೈತವ್ವ, ಏನ್ ಮಾಡೋದು — ಎಂದುಬಿಟ್ಟೆ. ನಾಲಿಗೆಗೆ ಅದೇ ರೂಢಿ! ಹಿಂದೆ ಕೊಟ್ರಮ್ಮನ ಸೂಜಿ ನಿಂತಿತು. ಗಿರಾಕಿ ಆಗಲೇ ಮೆಟ್ಟಿಲಿಳಿದಿದ್ದಳು. ಕೂಗಿ ಕರೆದೆ.

“ಈಗೀಗ ಅಲ್ಲವ್ವ. ಎಂಟು ವರ್ಷದಿಂದ ಬಾಗಾಕ ಹತ್ತಿತ್ತು. ನನಗ ಗೊತ್ತಿತ್ತು, ಆಕಿಗೆ ಹೇಳಲಿಲ್ಲ.”

ಆಕೆ ನನ್ನನ್ನೂ ಕೊಟ್ರಮ್ಮನನ್ನೂ ನೋಡಿ ಹೊರಟುಹೋದಳು. ಅಂದಿನಿಂದ ಯಾರು ಕೇಳಿದರೂ ಅದನ್ನೇ ಹೇಳುತ್ತೇನೆ. ಕೊಟ್ರಮ್ಮ ಸೂಜಿಗೆ ದಾರ ಪೋಣಿಸಿಕೊಳ್ಳುತ್ತಾಳೆ. ಅಷ್ಟು ಮಾಡುವುದರೊಳಗೆ ಎರಡು ಸಲ ಕೈ ನಿಲ್ಲಿಸಿ ಉಸಿರು ಎಳೆದುಕೊಳ್ಳುತ್ತಾಳೆ.