ತಟ್ಟೆಯ ಮೇಲೆ ಹಿಡಿದ ಕಿವಿ

ಟೈಫಾಯಿಡ್ ನಮ್ಮಮ್ಮನ ಪ್ರಾಣ ಉಳಿಸಿ ಕಿವಿ ಕಿತ್ತುಕೊಂಡು ಹೋಯಿತು. ಒಲೆ ಕೆಲಸಕ್ಕೆ, ಹೊಲದ ಕೆಲಸಕ್ಕೆ ಅದರಿಂದ ಅಡ್ಡಿಯಾಗಲಿಲ್ಲ. ಅಡ್ಡಿಯಾಗಿದ್ದು ಹುಳುಮನೆಗೆ. ಜಂಗಮಕೋಟೆಯ ಹತ್ತಿರದ ನಮ್ಮ ಮನೆಯಲ್ಲಿ ರೇಷ್ಮೆಹುಳು ಸಾಕುವ ಯಜಮಾನಿಕೆ ಒಬ್ಬಳೇ ಹೆಂಗಸಿನದು. ಕೊನೆಯ ವಾರದಲ್ಲಿ ಹುಳುಗಳು ಸೊಪ್ಪು ತಿನ್ನುವ ಸದ್ದು ಹೆಂಚಿನ ಮೇಲೆ ಸೋನೆ ಬಿದ್ದ ಹಾಗಿರುತ್ತದೆ. ಅದನ್ನು ಕೇಳಿಕೊಂಡೇ ಯಾವಾಗ ಸೊಪ್ಪು ಹಾಕಬೇಕು, ಯಾವಾಗ ನಿಲ್ಲಿಸಬೇಕು ಎಂದು ಅವಳು ಹೇಳಬೇಕು. ಹುಳು ಹಣ್ಣಾಗಿ, ತಿನ್ನುವುದು ಬಿಟ್ಟು ನೂಲು ಬಿಡಲು ಸಿದ್ಧವಾದಾಗ ಮೊದಲನೆಯದನ್ನು ಚಂದ್ರಂಕಿಗೆ, ಅಂದರೆ ಗೂಡು ಕಟ್ಟುವ ಬಿದಿರು ತಟ್ಟಿಗೆ, ಬಿಡುವ ಕೈಯೂ ಅವಳದೇ. "ಕೇಳ್ಸದೋಳು ಹುಳು ಹೆಂಗೆ ಸಾಕ್ತಾಳೆ?" ಎಂದು ನಮ್ಮಪ್ಪನ ತಾಯಿ, ನನ್ನಜ್ಜಿ, ಆ ಯಜಮಾನಿಕೆಯನ್ನು ಚಿಕ್ಕಮ್ಮನಿಗೆ ಕೊಟ್ಟುಬಿಟ್ಟರು. ಅಮ್ಮ ಬರೀ ಸೊಪ್ಪು ಹೆಚ್ಚುವವಳಾದಳು. ನನಗಾಗ ಒಂಬತ್ತು ವರ್ಷ, ಮೂಗಿನ ತುದಿಯಲ್ಲೇ ಕೋಪ. ಹನ್ನೆರಡಾಗುವವರೆಗೂ, ಮೂರು ವರ್ಷ, ಅಜ್ಜಿಯ ಮೇಲೆ ಹಲ್ಲು ಕಡಿಯುತ್ತಲೇ ಇದ್ದೆ.

ಅರವತ್ತರ ದಶಕದ ಮೊದಲ ವರ್ಷಗಳು. ಶಿಡ್ಲಘಟ್ಟಕ್ಕೆ ತಿಂಗಳಿಗೊಮ್ಮೆ ಬೆಂಗಳೂರಿನಿಂದ ಒಬ್ಬ ಡಾಕ್ಟರಮ್ಮ ಬರತೊಡಗಿದರು. ಕಿವಿ ಮಿಷನ್ನು ಹಳ್ಳಿಯವರಿಗೆ ಎಷ್ಟು ಉಪಯೋಗಕ್ಕೆ ಬರುತ್ತದೆ ಎಂದು ಅವರು ಸಂಶೋಧನೆ ಮಾಡುತ್ತಿದ್ದರು. ಅಮ್ಮನ ಕಿವಿ ಪೂರ್ತಿ ಹೋಗಿಲ್ಲ ಎಂದು ಹೇಳಿದ್ದೂ ಅವರೇ. ಅವಳಿಗೊಂದು ಮಿಷನ್ನು ಕೊಟ್ಟರು: ಬೆಂಕಿಪೊಟ್ಟಣಕ್ಕಿಂತ ದೊಡ್ಡ ಡಬ್ಬಿ, ಅದಕ್ಕೊಂದು ವೈರು, ವೈರಿನ ತುದಿಯಲ್ಲಿ ಕಿವಿಗೆ ಸಿಕ್ಕಿಸುವ ಗುಂಡಿ. "ನಾವು ಪರೀಕ್ಷೆ ಮಾಡೋ ಕೋಣೇಲಿ ಕೇಳ್ಸೋದು ಬೇರೆ, ನಿಮ್ಮನೇಲಿ ಕೇಳ್ಸೋದು ಬೇರೆ. ನನಗೆ ನಿಮ್ಮನೇದು ಬೇಕು," ಎಂದು ನನ್ನ ಕೈಗೊಂದು ನೋಟ್‌ಬುಕ್ಕು ಕೊಟ್ಟರು. ಅಮ್ಮನಿಗೆ ದಿನಾ ಏನು ಕೇಳಿಸಿತು, ಏನು ಕೇಳಿಸಲಿಲ್ಲ, ನಾನು ಬರೆಯಬೇಕು. ಎರಡು ತಿಂಗಳಲ್ಲಿ ಉಪಯೋಗ ಕಾಣದಿದ್ದರೆ ಮಿಷನ್ನು ಇನ್ನೊಬ್ಬರಿಗೆ.

ಅಮ್ಮ ನಾಚಿಕೆಗೆ ಡಬ್ಬಿಯನ್ನು ರವಿಕೆಯೊಳಗೆ ತೂರಿಸಿ, ಮೇಲೆ ಸೆರಗು ಹೊದ್ದು ಹುಳುಮನೆಗೆ ಹೋದಳು. ಒಂದು ಗಳಿಗೆ ನಿಂತಳು. ಮುಖ ಅರಳಿತು. "ತಿಂತಾವೆ ಅತ್ತೆ, ಚೆನ್ನಾಗಿ ತಿಂತಾವೆ. ನನಗೆ ಕೇಳ್ಸ್ತಾ ಐತೆ."

ಎಲ್ಲರೂ ಮುಖ ಮುಖ ನೋಡಿಕೊಂಡರು. ಅವತ್ತು ಹುಳುಗಳು ನಾಲ್ಕನೇ ಜ್ವರಕ್ಕೆ ಕೂತಿದ್ದವು. ಪೊರೆ ಬಿಡುವ ಹೊತ್ತನ್ನು ನಮ್ಮ ಕಡೆ ಜ್ವರ ಅನ್ನುತ್ತಾರೆ. ಆಗ ಹುಳು ತಲೆಯೆತ್ತಿ ಅಲ್ಲಾಡದೆ ಕೂರುತ್ತದೆ, ಒಂದೆಲೆ ಮುಟ್ಟುವುದಿಲ್ಲ. ಚಿಕ್ಕಮ್ಮ ಬಾಯಿಗೆ ಸೆರಗಿಟ್ಟುಕೊಂಡು ನಕ್ಕಳು. ಅಜ್ಜಿ, "ಸರಿಹೋಯ್ತು, ಆ ಡಬ್ಬಿಯೊಳಗೇ ಹುಳು ಸಾಕ್ಕೊಂಡವ್ಳೆ," ಎಂದರು. ಅಮ್ಮ ಮಿಷನ್ನು ಬಿಚ್ಚಿ ಟ್ರಂಕಿನಲ್ಲಿಟ್ಟಳು. ಅಳುತ್ತಲೇ ನೋಟ್‌ಬುಕ್ಕಿನಲ್ಲಿ ಇದ್ದದ್ದು ಇದ್ದ ಹಾಗೆ ಬರೆದೆ.

ಡಾಕ್ಟರಮ್ಮ ಆ ಪುಟವನ್ನು ಎರಡು ಸಲ ಓದಿದರು. ಡಬ್ಬಿ ಎಲ್ಲಿತ್ತು ಎಂದು ಕೇಳಿದರು. ಅಮ್ಮ ತಲೆ ತಗ್ಗಿಸಿ ರವಿಕೆ ತೋರಿಸಿದಳು.

"ಸದ್ದು ಹಿಡಿಯೋದು ಕಿವೀಲಿರೋ ಗುಂಡಿಯಲ್ಲ ಕಣಮ್ಮ, ಈ ಡಬ್ಬಿ. ಬಟ್ಟೆ ಇದಕ್ಕೆ ಉಜ್ಜಿದ್ದನ್ನೇ ನೀವು ಹುಳು ಅಂದ್ಕೊಂಡ್ರಿ. ನಾನು ಹೇಳ್ದೆ ಇದ್ದಿದ್ದು ನನ್ನ ತಪ್ಪು. ಡಬ್ಬಿ ಈಚೆ ಇರ್ಲಿ."

"ಈಚೆ ಹಾಕ್ಕೊಂಡ್ರೆ ಜನ ನೋಡ್ತಾರೆ."

"ನೋಡ್ಲಿ."

ಆ ಒಂದು ಮಾತಿಗೆ ನಾನು ಡಾಕ್ಟರಮ್ಮನ ಕಡೆಯವಳಾಗಿಬಿಟ್ಟೆ. ಅಭ್ಯಾಸವನ್ನೂ ಹೇಳಿಕೊಟ್ಟರು: ದಿನಾ ಸಂಜೆ ನಾನು ಅಮ್ಮನ ಬೆನ್ನ ಹಿಂದೆ ನಿಂತು ರಾಗಿ, ಬಿಂದಿಗೆ, ಮೊರ ಅನ್ನಬೇಕು, ಅವಳು ತಿರುಗದೆ ವಾಪಸ್ಸು ಹೇಳಬೇಕು. ತಪ್ಪಿದರೆ ನಾನು ರೇಗುತ್ತಿದ್ದೆ. "ನೀನೇನು ಮೇಷ್ಟ್ರಾ?" ಎಂದು ಅಮ್ಮ ಬೈಯುತ್ತಿದ್ದಳು, ಮತ್ತೆ ಕೂರುತ್ತಿದ್ದಳು.

ಮುಂದಿನ ಬೆಳೆಯ ಹೊತ್ತಿಗೆ ಅವಳು ಹಳೇ ಸೀರೆಯಂಚಿನಲ್ಲಿ ಚೀಲ ಹೊಲಿದು ಡಬ್ಬಿಯನ್ನು ಎದೆಯ ಮೇಲೆ ಎಲ್ಲರಿಗೂ ಕಾಣುವಂತೆ ತೂಗುಹಾಕಿಕೊಂಡಳು. ಜನ ನೋಡಿದರು. ನೋಡಿ ನೋಡಿ ಅವರಿಗೇ ಸಾಕಾಯಿತು.

ಹುಳು ಹಣ್ಣಾಗಲು ಇನ್ನೂ ಒಂದು ದಿನವಿದೆ ಎಂದು ಚಿಕ್ಕಮ್ಮ ಹುಳು ಸಾಕುವ ಎಲ್ಲ ಬಿದಿರು ತಟ್ಟೆಗಳಿಗೂ ಸೊಪ್ಪು ಹರಡಿದ್ದಳು. ಹುಳುಮನೆ ತುಂಬ ತಿನ್ನುವ ಸದ್ದು. ಅಮ್ಮ ಒಳಗೆ ಬಂದು, ಯಾರೂ ಹೇಳಿಕೊಡದಿದ್ದ ಒಂದು ಕೆಲಸ ಮಾಡಿದಳು. ಚೀಲದಿಂದ ಡಬ್ಬಿ ತೆಗೆದು, ಒಂದೊಂದೇ ತಟ್ಟೆಯ ಮೇಲೆ ಬೆರಳಷ್ಟು ಎತ್ತರದಲ್ಲಿ ಹಿಡಿಯುತ್ತ ಹೋದಳು. ಗೋಡೆ ಪಕ್ಕದ ಕೆಳಗಿನ ತಟ್ಟೆಯ ಹತ್ತಿರ ನಿಂತಳು. ಇನ್ನೊಂದು ಸಲ ಹಿಡಿದಳು.

"ಇದ್ರಲ್ಲಿ ಸದ್ದಿಲ್ಲ."

"ಈಗ ತಾನೆ ಸೊಪ್ಪು ಹಾಕಿದೀನಿ ಅಕ್ಕ," ಎಂದಳು ಚಿಕ್ಕಮ್ಮ.

"ಹಾಕಿದೀಯ. ಅವು ತಿಂತಾ ಇಲ್ಲ."

ಅಷ್ಟು ತಟ್ಟೆಗಳ ಸದ್ದಿನ ನಡುವೆ ಒಂದು ತಟ್ಟೆ ಸುಮ್ಮನಾಗಿದ್ದು ನಮ್ಮ ಯಾರ ಒಳ್ಳೆಯ ಕಿವಿಗೂ ಗೊತ್ತಾಗಿರಲಿಲ್ಲ. ಅಜ್ಜಿ ಬಗ್ಗಿ ಸೊಪ್ಪು ಎತ್ತಿದರು. ಕೆಳಗೆ ಹುಳುಗಳು ಹಳದಿಗೆ ತಿರುಗಿ ಹಣ್ಣಾಗಿದ್ದವು. ಎರಡು ಮೂರು ಆಗಲೇ ಎಲೆಗೆ ನೂಲು ಬಿಡುತ್ತಿದ್ದವು. ಸಂಜೆಯವರೆಗೆ ಬಿಟ್ಟಿದ್ದರೆ ಸೊಪ್ಪಿನಲ್ಲೇ ಗೂಡು ಕಟ್ಟಿ ಹಾಳಾಗುತ್ತಿದ್ದವು.

ಅಜ್ಜಿ ಸೊಪ್ಪು ಕೆಳಗಿಟ್ಟರು. ಮೂಲೆಗೆ ಹೋಗಿ ಚಂದ್ರಂಕಿ ಇಳಿಸಿ ಅರಿಶಿನ ಕುಂಕುಮ ಇಡುತ್ತಾ ಕೂತರು, ಬೆನ್ನು ನಮ್ಮ ಕಡೆ. ಆ ಮೂರು ವರ್ಷ ಅವರು ಅಮ್ಮನ ಜೊತೆ ಕಿರಿಚದೆ, ಕೈ ಆಡಿಸದೆ ಮಾತಾಡಿದ್ದೇ ಇಲ್ಲ.

"ಬಾಮ್ಮ, ನೀನೇ ಬಿಡು," ಎಂದರು. ತಿರುಗಲಿಲ್ಲ. ಪಕ್ಕದಲ್ಲಿ ಕೂತವರಿಗೆ ಹೇಳುವಷ್ಟೇ ದನಿ.

"ಬಂದೆ ಅತ್ತೆ," ಎಂದಳು ಅಮ್ಮ.

ಅಜ್ಜಿಯ ಕೈ ಕುಂಕುಮದ ಬಟ್ಟಲಿನಲ್ಲೇ ನಿಂತುಬಿಟ್ಟಿತು. ನನಗೆ ಕುಣಿಯಬೇಕೆನ್ನಿಸಿತು. ಹುಳುಮನೆಯಲ್ಲಿ ಕುಣಿಯಬಾರದೆಂದು ಈಚೆ ಓಡಿಹೋಗಿ ಅಂಗಳದಲ್ಲಿ ಕುಣಿದೆ.

ಆ ತಿಂಗಳು ಡಾಕ್ಟರಮ್ಮ ಮಿಷನ್ನು ವಾಪಸ್ಸು ಕೇಳಲಿಲ್ಲ. ನೋಟ್‌ಬುಕ್ಕಿನ ಒಂದು ಹಾಳೆ ಹರಿದುಕೊಡು ಎಂದು ಕೇಳಿದರು. ಅದರಲ್ಲಿ ನಾನು ಎರಡೇ ಸಾಲು ಬರೆದಿದ್ದೆ: ಅಜ್ಜಿ ಕೂಗಲಿಲ್ಲ. ಅಮ್ಮನಿಗೆ ಕೇಳಿಸಿತು.